ಕೈಗಾ ವಿಕಿರಣ: ಅಂಕಿಯ ಹಿಂದಿನ ಲೆಕ್ಕವೂ ಜನರಿಗೆ ತಿಳಿಯಲಿ

ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ತಲಾ 700 ಮೆಗಾವಾಟ್‌ನ ಇನ್ನೆರಡು ಸೇರಲಿವೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯ ಜನರ ಪ್ರಶ್ನೆ ಒಂದೇ: ತಿನ್ನುವ ಮೀನು, ಕುಡಿಯುವ ನೀರು ಸುರಕ್ಷಿತವೇ? 'ವಿಕಿರಣ ಮಿತಿಯೊಳಗಿದೆ' ಎಂಬುದು ಸಿದ್ಧ ಉತ್ತರ. ಆದರೆ ಅದನ್ನು ಅಳೆಯುವುದು ಹೇಗೆ?

ಮಣ್ಣು, ಮೀನು, ಸೊಪ್ಪಿನ ಮಾದರಿಗಳನ್ನು ಸೀಸದ ಕವಚದೊಳಗೆ, ದ್ರವ ಸಾರಜನಕದಿಂದ ತಣ್ಣಗಾಗಿಸಿದ ಜರ್ಮೇನಿಯಂ ಹರಳಿನ ಬಳಿ ಇಡಲಾಗುತ್ತದೆ. ಗಾಮಾ ಕಿರಣ ಸೂಸುವ ಪ್ರತಿ ಧಾತುವಿಗೂ ಅದರದೇ ಗುರುತಿದೆ. ಸೀಸಿಯಂ-137ರ ಕಿರಣ 662 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನದು. ನಿಸರ್ಗದಲ್ಲೇ ಇರುವ ಪೊಟ್ಯಾಸಿಯಂ-40ರದು 1461. ಅಗ್ಗದ ಸೋಡಿಯಂ ಅಯೋಡೈಡ್ ಶೋಧಕದಲ್ಲಿ ಒಂದರ ಮೇಲೊಂದು ಬೀಳುವ ಗುರುತುಗಳನ್ನು ಜರ್ಮೇನಿಯಂ ಬಿಡಿಸಿ ತೋರಿಸುತ್ತದೆ.

ತೊಡಕು ಬೇರೆಡೆ ಇದೆ. ಹೊರಟ ಕಿರಣಗಳೆಲ್ಲ ಹರಳನ್ನು ತಲುಪುವುದಿಲ್ಲ. ಕೆಲವು ದಿಕ್ಕು ತಪ್ಪುತ್ತವೆ, ಕೆಲವು ಮಾದರಿಯಲ್ಲೇ ಇಂಗುತ್ತವೆ. ನೂರಕ್ಕೆ ಎಷ್ಟು ಎಣಿಕೆಗೆ ಸಿಕ್ಕವು ಎಂಬ ದಕ್ಷತೆ ತಿಳಿಯದೆ ನಿಜವಾದ ಪ್ರಮಾಣ ಹೇಳಲಾಗದು. ಪ್ರತಿ ಆಕಾರ, ಪ್ರತಿ ಸಾಂದ್ರತೆಯ ಮಾದರಿಗೂ ಪ್ರಮಾಣಿತ ವಿಕಿರಣ ಮೂಲ ದೊರೆಯುವುದಿಲ್ಲ. ಆದ್ದರಿಂದಲೇ ಕಂಪ್ಯೂಟರ್ ಅನುಕರಣೆಯ ಮೊರೆ. ಯುರೋಪಿನ ಸರ್ನ್ ಸಂಸ್ಥೆಯಲ್ಲಿ ರೂಪುಗೊಂಡ 'ಜಿಯಾಂಟ್-4', ಅಮೆರಿಕದ ಲಾಸ್ ಅಲಮೋಸ್‌ನ 'ಎಂಸಿಎನ್‌ಪಿ' ಮುಂತಾದ ತಂತ್ರಾಂಶಗಳು ಲಕ್ಷಾಂತರ ಕಾಲ್ಪನಿಕ ಕಿರಣಗಳನ್ನು ಹಾರಿಸಿ, ಪಗಡೆ ಉರುಳಿಸಿದಂತೆ ಒಂದೊಂದರ ಗತಿಯನ್ನೂ ಹಿಂಬಾಲಿಸುತ್ತವೆ. ಈ ವಿಧಾನದ ಹೆಸರು ಮಾಂಟೆ ಕಾರ್ಲೊ.

ಈ ಲೆಕ್ಕವೂ ದೋಷಾತೀತವಲ್ಲ. ಹರಳಿನ ಹೊರಮೈಯಲ್ಲಿ ಎಣಿಕೆಗೆ ಸ್ಪಂದಿಸದ 'ಮೃತ ಪದರ'ವೊಂದಿದೆ. ವರ್ಷಗಳು ಕಳೆದಂತೆ ಅದು ದಪ್ಪಗಾಗಬಹುದು. ತಯಾರಕರು ಕೊಟ್ಟ ಹಳೆಯ ಅಳತೆಯನ್ನೇ ನಂಬಿದರೆ ದಕ್ಷತೆ ವಾಸ್ತವಕ್ಕಿಂತ ಹೆಚ್ಚೆಂದು ಕಾಣುತ್ತದೆ; ವರದಿಯಲ್ಲಿ ವಿಕಿರಣ ಇರುವುದಕ್ಕಿಂತ ಕಡಿಮೆಯಾಗುತ್ತದೆ. ಪ್ರಮಾಣಿತ ಮೂಲಗಳೊಡನೆ ಆಗಾಗ ತಾಳೆ ನೋಡುವುದೇ ಇದಕ್ಕೆ ಮದ್ದು.

ಇನ್ನೊಂದು ಮಿತಿಯೂ ಉಂಟು. 2009ರ ನವೆಂಬರ್‌ನಲ್ಲಿ ಕೈಗಾದ ನೌಕರರು ಕುಡಿಯುವ ನೀರಿನ ಕೂಲರ್‌ನಲ್ಲಿ ಸೇರಿದ್ದು ಟ್ರಿಷಿಯಂ. ಅದು ಬೀಟಾ ಕಣ ಮಾತ್ರ ಸೂಸುತ್ತದೆ. ಅತ್ಯುತ್ತಮ ಗಾಮಾ ಶೋಧಕಕ್ಕೂ ಕಾಣದು. 'ಗಾಮಾ ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲ' ಎಂಬುದು 'ಏನೂ ಇಲ್ಲ' ಎಂದಂತಲ್ಲ.

ಸ್ಥಾವರ ಆರಂಭವಾಗುವ ಮುನ್ನವೇ ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಕೈಗಾ ಪರಿಸರದ ಸಹಜ ವಿಕಿರಣವನ್ನು ಅಳೆದಿದ್ದರು. ಹೋಲಿಕೆಗೆ ಆಧಾರವಿದೆ ಎಂದಾಯಿತು. ಹೊಸ ಘಟಕಗಳು ಬರುವ ಹೊತ್ತಿನಲ್ಲಿ ಜನರಿಗೆ ಬೇಕಿರುವುದು ಅಭಯವಚನವಲ್ಲ. ಅಳತೆ, ಅದರ ಅನಿಶ್ಚಿತತೆ, ಉಪಕರಣ ಪತ್ತೆ ಹಚ್ಚಬಲ್ಲ ಕನಿಷ್ಠ ಪ್ರಮಾಣ, ತಾಳೆ ನೋಡಿದ ದಿನಾಂಕ ಇವಿಷ್ಟೂ ಕನ್ನಡದಲ್ಲಿ ಪ್ರಕಟವಾಗಲಿ. ತಪ್ಪಿನ ಸಾಧ್ಯತೆಯನ್ನೂ ಹೇಳುವ ಅಂಕಿಯನ್ನು ಜನ ನಂಬುತ್ತಾರೆ.