ಪೆಟ್ಟಿಗೆ ಕಂಪನಿಯದು, ರಿಮೋಟ್ ಗ್ರಾಹಕನದು

ದೀಪಾವಳಿಗೆ ಮುಂಚಿನ ವಾರಗಳಲ್ಲಿ ಟಿ.ವಿ. ಮಳಿಗೆಗೆ ಬಂದ ಗ್ರಾಹಕನು ಎಲ್ಲವನ್ನೂ ನೋಡಿ, ಬೆಲೆ ವಿಚಾರಿಸಿ, ಕೊನೆಗೆ 'ಹೊಸ ಮಾಡೆಲ್ ಬರುತ್ತದಂತಲ್ಲ, ಆಮೇಲೆ ನೋಡೋಣ' ಎಂದು ಹೊರಟುಹೋಗುವುದು ವರ್ತಕರಿಗೆ ಹೊಸ ಅನುಭವವೇನಲ್ಲ. ಬರಲಿರುವ ಸರಕಿನ ಸುದ್ದಿಯು ಇರುವ ಸರಕಿನ ಮಾರಾಟವನ್ನು ನುಂಗುತ್ತದೆ. ಅಮೆರಿಕದಲ್ಲಿ ಡಿಜಿಟಲ್ ವಿಡಿಯೋ ರೆಕಾರ್ಡರ್ ಎಂಬ ಯಂತ್ರವನ್ನು ಮನೆಮಾತಾಗಿಸಿದ ಟಿವೋ ಸಂಸ್ಥೆಯ ಕಥೆಯನ್ನು ಈ ದೃಷ್ಟಿಯಿಂದ ನೋಡಿದರೆ, ನಮ್ಮ ವರ್ತಕರೂ ಕಿರು ಉದ್ದಿಮೆದಾರರೂ ಗಮನಿಸಬೇಕಾದ ಸಂಗತಿಗಳು ಹಲವಿವೆ.

2006ರ ಜನವರಿಯಲ್ಲಿ ಲಾಸ್ ವೇಗಾಸ್‌ನ ಎಲೆಕ್ಟ್ರಾನಿಕ್ಸ್ ಪ್ರದರ್ಶನದಲ್ಲಿ ಟಿವೋ ತನ್ನ ಸೀರೀಸ್-3 ರೆಕಾರ್ಡರನ್ನು ಪ್ರದರ್ಶಿಸಿತು. ಅದು ಅಂಗಡಿಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ಆಸಕ್ತರು ಅದರ ಒಂದೊಂದು ವಿವರವನ್ನೂ ಲೆಕ್ಕ ಹಾಕುತ್ತ ಕಾದರು: ಹೈ ಡೆಫಿನಿಷನ್ ಚಿತ್ರ, ಏಕಕಾಲಕ್ಕೆ ಎರಡು ಚಾನೆಲ್‌ಗಳ ಧ್ವನಿಮುದ್ರಣ ಮತ್ತು ಚಿತ್ರಮುದ್ರಣ, 250 ಜಿಬಿ ಡಿಸ್ಕ್, ಮುಂಭಾಗದಲ್ಲಿ ಪುಟ್ಟ ಪರದೆ, ಕತ್ತಲಲ್ಲಿ ಗುಂಡಿಗಳು ಬೆಳಗುವ ಹೊಸ ರಿಮೋಟ್. ಬೆಲೆ ಮಾತ್ರ 800 ಡಾಲರ್. ಅಂದಿನ ವಿನಿಮಯ ದರದಲ್ಲಿ ಸುಮಾರು 36-37 ಸಾವಿರ ರೂಪಾಯಿ. ತಿಂಗಳ ಚಂದಾ ಪ್ರತ್ಯೇಕ. ಒಂದು ವರ್ಷವೂ ತುಂಬುವ ಮೊದಲೇ, 2007ರ ಬೇಸಿಗೆಯಲ್ಲಿ, ಅದೇ ಸಂಸ್ಥೆ 300 ಡಾಲರಿಗೆ ಟಿವೋ ಎಚ್.ಡಿ. ಎಂಬ ಯಂತ್ರವನ್ನು ಹೊರತಂದಿತು. ಡಿಸ್ಕ್ 160 ಜಿಬಿಗೆ ಇಳಿದಿತ್ತು. ಮುಂಭಾಗದ ಪರದೆಯೂ ಬೆಳಗುವ ರಿಮೋಟೂ ಇರಲಿಲ್ಲ. ಮಿಕ್ಕಂತೆ ಮುಖ್ಯ ಕೆಲಸವೆಲ್ಲ ಅದೇ. ದುಬಾರಿ ಮಾದರಿಯನ್ನು ಕಪಾಟಿನಲ್ಲಿ ಉಳಿಸಿಕೊಂಡ ಮಾರಾಟಗಾರನ ಪಾಡನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಆದರೂ ಆ ಯಂತ್ರದ ಅಭಿಮಾನಿಗಳು ಡಿಸ್ಕಿನ ಗಾತ್ರಕ್ಕಿಂತ ಹೆಚ್ಚಾಗಿ ರಿಮೋಟಿನ ಬಗ್ಗೆ ಮಾತನಾಡುತ್ತಿದ್ದರೆಂಬುದು ಕುತೂಹಲದ ಸಂಗತಿ. 1999ರಲ್ಲಿ ಬಂದ ಮೊದಲ ಟಿವೋದಿಂದಲೇ ಅದರ ರಿಮೋಟ್ ಕಡಲೆಕಾಯಿಯ ಆಕಾರದ್ದು. ನಡು ಸಣ್ಣ, ಎರಡು ತುದಿ ದಪ್ಪ. ಹೆಬ್ಬೆರಳು ನೋಡದೆಯೇ ಗುಂಡಿಯನ್ನು ಹುಡುಕಿಕೊಳ್ಳುವಂತೆ ಒಂದೊಂದು ಗುಂಡಿಗೂ ಬೇರೆ ಬೇರೆ ಆಕಾರ, ಬೇರೆ ಬೇರೆ ಸ್ಪರ್ಶ. ಮೆಚ್ಚುಗೆಗೆ ಹಸಿರು ಹೆಬ್ಬೆರಳು, ಅತೃಪ್ತಿಗೆ ಕೆಂಪು ಹೆಬ್ಬೆರಳು. ಗ್ರಾಹಕನು ಇವೆರಡನ್ನು ಒತ್ತುತ್ತ ಹೋದಂತೆ ಯಂತ್ರವು ಅವನ ಅಭಿರುಚಿಯನ್ನು ಅರಿತು ತಾನಾಗಿಯೇ ಕಾರ್ಯಕ್ರಮಗಳನ್ನು ಮುದ್ರಿಸಿಡುತ್ತಿತ್ತು. ಇಂದು ಪ್ರತಿ ಮೊಬೈಲಿನಲ್ಲಿಯೂ ಕಾಣುವ ಹೆಬ್ಬೆರಳಿನ ಗುರುತಿಗೆ ಟಿ.ವಿ. ಮುಂದೆ ಇಷ್ಟು ಹಿಂದೆಯೇ ಕೆಲಸವಿತ್ತು. ದೋಷವೇ ಇರಲಿಲ್ಲವೆಂದಲ್ಲ. ಎರಡೂ ತುದಿ ಒಂದೇ ತೆರನಾಗಿದ್ದುದರಿಂದ ಕತ್ತಲಲ್ಲಿ ತಲೆಕೆಳಗಾಗಿ ಹಿಡಿದು, ತಮ್ಮ ಹೊಟ್ಟೆಯತ್ತಲೇ ಗುರಿಯಿಟ್ಟು ಒತ್ತಿದವರು ಎಷ್ಟೋ ಮಂದಿ!

ಆ ರಿಮೋಟಿನಲ್ಲಿ ಇಲ್ಲದ ಗುಂಡಿಯ ಕಥೆಯು ಇರುವ ಗುಂಡಿಗಳ ಕಥೆಗಿಂತ ಹೆಚ್ಚು ವ್ಯಾಪಾರೋಪಯೋಗಿ. 30 ಸೆಕೆಂಡು ಮುಂದಕ್ಕೆ ಜಿಗಿದು ಜಾಹೀರಾತನ್ನು ದಾಟಿಸುವ ಗುಂಡಿಯನ್ನು ಪ್ರತಿಸ್ಪರ್ಧಿ ರೀಪ್ಲೇ ಟಿ.ವಿ. ರಾಜಾರೋಷವಾಗಿ ಕೊಟ್ಟಿತ್ತು. ಟಿವೋ ಆ ಸೌಲಭ್ಯವನ್ನು ಒಳಗೆ ಇಟ್ಟಿತಾದರೂ ಹೊರಗೆ ಹೇಳಲಿಲ್ಲ. ಸೆಲೆಕ್ಟ್, ಪ್ಲೇ, ಸೆಲೆಕ್ಟ್, 3, 0, ಸೆಲೆಕ್ಟ್ ಎಂದು ಕ್ರಮವಾಗಿ ಒತ್ತಿದವರಿಗೆ ಮಾತ್ರ ಅದು ತೆರೆದುಕೊಳ್ಳುತ್ತಿತ್ತು. ರೀಪ್ಲೇ ಟಿ.ವಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜಾಹೀರಾತುಗಳನ್ನು ತಾನಾಗಿಯೇ ಹಾರಿಸುವ ಯಂತ್ರವನ್ನು 2001ರಲ್ಲಿ ಪ್ರಕಟಿಸಿತು. ಟಿ.ವಿ. ಜಾಲಗಳೂ ಚಿತ್ರ ನಿರ್ಮಾಣ ಸಂಸ್ಥೆಗಳೂ ಕೂಡಲೇ ನ್ಯಾಯಾಲಯಕ್ಕೆ ಹೋದವು. ಅದರ ಒಡೆತನದ ಸೋನಿಕ್‌ಬ್ಲೂ ಸಂಸ್ಥೆ 2003ರಲ್ಲಿ ದಿವಾಳಿ ಅರ್ಜಿ ಹಾಕಿತು. ಕೊಂಡುಕೊಂಡ ಹೊಸ ಒಡೆಯರು ಮುಂದಿನ ಮಾದರಿಯಿಂದ ಆ ಸೌಲಭ್ಯವನ್ನೇ ತೆಗೆದುಹಾಕಿದರು. ಗ್ರಾಹಕನಿಗೆ ಪ್ರಿಯವಾದ ಗುಂಡಿಯೊಂದು ವ್ಯಾಪಾರದ ಇನ್ನೊಂದು ಪಾಲುದಾರನ ಹೊಟ್ಟೆಯ ಮೇಲೆ ಹೊಡೆಯುತ್ತದೆಂದು ಟಿವೋ ಮೊದಲೇ ಅರಿತಿತ್ತೆಂದು ತೋರುತ್ತದೆ.

ಇನ್ನು ತಯಾರಿಕೆಯ ಮಾತು. ಸಾಮಾನ್ಯ ರಿಮೋಟಿನಲ್ಲಿ ಇರುವುದೇನು? ಎ.ಬಿ.ಎಸ್. ಪ್ಲಾಸ್ಟಿಕ್ಕಿನ ಎರಡು ಹೋಳು, ಕಾರ್ಬನ್ ಬೊಟ್ಟುಗಳಿರುವ ಸಿಲಿಕೋನ್ ರಬ್ಬರಿನ ಹಾಳೆ, ಅಗ್ಗದ ಸರ್ಕ್ಯೂಟ್ ಹಲಗೆ, ಒಂದು ಚಿಪ್ಪು, ಒಂದು ಅತಿಗೆಂಪು ಎಲ್.ಇ.ಡಿ., ಎರಡು ಸೆಲ್‌ಗಳಿಗೆ ಸ್ಪ್ರಿಂಗು. ಸಾಮಾನ್ಯವಾಗಿ ಸೆಕೆಂಡಿಗೆ 38 ಸಾವಿರ ಬಾರಿಯ ಆಸುಪಾಸಿನಲ್ಲಿ ಮಿನುಗುವ ಬೆಳಕಿನ ಮೇಲೆ ಸಂಕೇತ ಸವಾರಿ ಮಾಡುತ್ತದೆ, ಅಷ್ಟೆ. ಚಿಪ್ಪೊಂದನ್ನು ಹೊರತುಪಡಿಸಿದರೆ ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಅಚ್ಚು ತಯಾರಕನಿಗೂ ರಬ್ಬರ್ ಘಟಕಕ್ಕೂ ಅಸಾಧ್ಯವೆನ್ನುವಂಥದ್ದು ಇದರಲ್ಲಿ ಯಾವುದೂ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬದಲಿ ರಿಮೋಟುಗಳ ವ್ಯಾಪಾರ ಬೆಳೆದದ್ದೂ ಈ ಸರಳತೆಯಿಂದಲೇ. ಸಂಕೇತ ತಿಳಿದರೆ ಯಾರು ಬೇಕಾದರೂ ಮಾಡಬಹುದಿತ್ತು. ಈಚಿನ ಬ್ಲೂಟೂತ್ ಹಾಗೂ ಧ್ವನಿ ಆಜ್ಞೆಯ ರಿಮೋಟುಗಳು ಪೆಟ್ಟಿಗೆಯೊಡನೆ ಜೋಡಣೆಗೊಳ್ಳಬೇಕಾದ್ದರಿಂದ ಆ ಬಾಗಿಲು ನಿಧಾನವಾಗಿ ಮುಚ್ಚುತ್ತಿದೆ.

ಬಾಗಿಲು ಮುಚ್ಚುವ ಈ ಮಾತೇ ಟಿವೋದ ಕೊನೆಯ ಅಧ್ಯಾಯವೂ ಹೌದು. ಗ್ರಾಹಕನು ಕೇಬಲ್ ಕಂಪನಿಯ ಪೆಟ್ಟಿಗೆಯನ್ನಲ್ಲದೆ ಅಂಗಡಿಯಿಂದ ತನಗೆ ಬೇಕಾದ ಪೆಟ್ಟಿಗೆಯನ್ನು ಕೊಳ್ಳಲು ಅನುವಾಗಬೇಕೆಂದು ಅಮೆರಿಕದ 1996ರ ದೂರಸಂಪರ್ಕ ಕಾಯಿದೆಯೇ ಬಯಸಿತ್ತು. ಸಂಕೇತ ಬಿಡಿಸುವ ಭಾಗವನ್ನು ಪ್ರತ್ಯೇಕ ಕಾರ್ಡಿನಲ್ಲಿ ಇರಿಸುವ ಕೇಬಲ್‌ಕಾರ್ಡ್ ಪದ್ಧತಿ ಅದರ ಫಲ. ಸೀರೀಸ್-3 ಬದುಕಿದ್ದು ಇಂತಹ ಎರಡು ಕಾರ್ಡುಗಳನ್ನು ನಂಬಿ. ಕಂಪನಿಗಳು ಸ್ವಂತ ಪೆಟ್ಟಿಗೆಗಳಲ್ಲೂ ಇದೇ ಕಾರ್ಡನ್ನು ಬಳಸತಕ್ಕದ್ದೆಂಬ ನಿಯಮ 2007ರ ಜುಲೈನಲ್ಲಿ ಜಾರಿಗೆ ಬಂತು. 2015ರ ಡಿಸೆಂಬರಿನಲ್ಲಿ ಅದು ಕೊನೆಗೊಂಡಿತು. 2020ರಲ್ಲಿ ಕಾರ್ಡು ಒದಗಿಸುವ ಕಡ್ಡಾಯವೂ ಹೋಯಿತು. ಅತ್ತ ಕೇಬಲ್ ಕಂಪನಿಗಳು ತಮ್ಮದೇ ರೆಕಾರ್ಡರನ್ನು ತಿಂಗಳ ಬಾಡಿಗೆಗೆ ಮನೆಗೇ ತಂದು ಜೋಡಿಸುತ್ತಿದ್ದವು. ಮುಂಗಡ ನೂರಾರು ಡಾಲರ್ ಕೊಟ್ಟು ಅಂಗಡಿಯಿಂದ ಹೊತ್ತು ತರುವವರಾರು? ಟಿವೋ ಪೆಟ್ಟಿಗೆಗಿಂತ ಪೇಟೆಂಟಿನಿಂದ ಹೆಚ್ಚು ಸುದ್ದಿಯಾಯಿತು. 2011ರಲ್ಲಿ ಎಕೋಸ್ಟಾರ್ ಮತ್ತು ಡಿಷ್ ಸಂಸ್ಥೆಗಳೊಡನೆ ಆದ ಒಪ್ಪಂದದ ಮೊತ್ತವೇ 50 ಕೋಟಿ ಡಾಲರ್. 2025ರ ಅಕ್ಟೋಬರಿನಲ್ಲಿ ರೆಕಾರ್ಡರ್ ಮಾರಾಟವನ್ನು ಸಂಸ್ಥೆಯು ನಿಲ್ಲಿಸಿತು.

ನಮ್ಮಲ್ಲಿ ಟಾಟಾ ಸ್ಕೈ ಪ್ಲಸ್ ರೆಕಾರ್ಡರ್ 2008ರಲ್ಲಿ ಬಂದಾಗ ಇಂಥದೇ ನಿರೀಕ್ಷೆಯಿತ್ತು. ಕ್ರಿಕೆಟ್ಟನ್ನು ತಡೆದು ನಿಲ್ಲಿಸಬಹುದು, ಧಾರಾವಾಹಿಯನ್ನು ರಾತ್ರಿ ನೋಡಬಹುದು ಎಂಬ ಪ್ರಚಾರ ಜನರನ್ನು ಸೆಳೆಯಿತು. (ಮುದ್ರಣದ ವೇಳೆಗೆ ಸರಿಯಾಗಿ ಲೋಡ್ ಶೆಡ್ಡಿಂಗ್ ಬಂದರೆ ಯಾವ ಗುಂಡಿ ಒತ್ತಿಟ್ಟಿದ್ದರೂ ಫಲವಿಲ್ಲವೆಂಬುದನ್ನು ಪ್ರಚಾರಪತ್ರ ಹೇಳುವುದಿಲ್ಲ, ಯು.ಪಿ.ಎಸ್. ಮಾರುವವರು ಹೇಳುತ್ತಾರೆ.) ಆದರೆ ಪೆಟ್ಟಿಗೆಯು ಆರಂಭದಿಂದಲೂ ಸೇವೆಯೊಡನೆ ಕಟ್ಟಿಹಾಕಿದ್ದು. ಮಳಿಗೆಯವನು ಮಾರಾಟಗಾರನಲ್ಲ, ಕಮಿಷನ್ ಪಡೆಯುವ ಮಧ್ಯವರ್ತಿ. ಬೆಂಗಳೂರು, ಮೈಸೂರು ನಗರಗಳಲ್ಲಿ ಕೇಬಲ್ ಡಿಜಿಟಲೀಕರಣಕ್ಕೆ 2013ರ ಮಾರ್ಚ್ 31ರ ಗಡುವು ಬಿದ್ದಾಗಲೂ ಲಕ್ಷಗಟ್ಟಲೆ ಪೆಟ್ಟಿಗೆಗಳು ಮನೆ ಸೇರಿದ್ದು ಮುಖ್ಯವಾಗಿ ಕೇಬಲ್ ನಿರ್ವಾಹಕರ ಕೈಯಿಂದಲೇ ಹೊರತು ಅಂಗಡಿಯಿಂದಲ್ಲ. ಆ ವರ್ಷದ ಕೇಂದ್ರ ಬಜೆಟ್ ಆಮದು ಪೆಟ್ಟಿಗೆಗಳ ಸೀಮಾಸುಂಕವನ್ನು ಶೇ. 5ರಿಂದ 10ಕ್ಕೆ ಏರಿಸಿ ದೇಶೀಯ ತಯಾರಕರಿಗೆ ಆಸರೆ ನೀಡಲು ಯತ್ನಿಸಿತು. ಸುಂಕವು ದೊಡ್ಡ ತಯಾರಕನಿಗೆ ನೆರವಾದೀತು. ಆದರೆ ಖರೀದಿದಾರರು ಬೆರಳೆಣಿಕೆಯಷ್ಟೇ ಕಂಪನಿಗಳಾಗಿದ್ದು, ಮಾದರಿಯನ್ನು ಅವರೇ ನಿರ್ಧರಿಸುವಾಗ, ರಬ್ಬರ್ ಹಾಳೆಯ ಕಿರು ಘಟಕಕ್ಕೆ ಅದರಿಂದ ಸಿಗುವುದು ಅತ್ಯಲ್ಪ.

ಇದಕ್ಕಿಂತ ಹೆಚ್ಚು ಪ್ರಯೋಜನಕಾರಿಯಾಗಬಹುದಾಗಿದ್ದುದು 2020ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಸರ್ಕಾರಕ್ಕೆ ಮಾಡಿದ ಶಿಫಾರಸು: ಸೆಟ್ ಟಾಪ್ ಪೆಟ್ಟಿಗೆಗಳು ಪರಸ್ಪರ ಹೊಂದಿಕೊಳ್ಳುವಂತಿರಬೇಕು, ಸಂಕೇತ ಬಿಡಿಸುವ ಭಾಗ ಬೇರ್ಪಡುವಂತಿರಬೇಕು. ಅಮೆರಿಕದ ಕಾರ್ಡಿನ ತತ್ವವೇ ಇದು. ಹಾಗಾದರೆ ಪೆಟ್ಟಿಗೆ ಮತ್ತೆ ಅಂಗಡಿಯ ಸರಕಾಗುತ್ತದೆ, ರಿಮೋಟಿನಲ್ಲಿ ಪೈಪೋಟಿ ಸಾಧ್ಯವಾಗುತ್ತದೆ, ವಯಸ್ಸಾದವರಿಗಾಗಿ ಹತ್ತೇ ಗುಂಡಿಗಳ, ಕನ್ನಡ ಅಕ್ಷರಗಳ ರಿಮೋಟೊಂದನ್ನು ಮಾಡುವ ಧೈರ್ಯ ಯಾವುದಾದರೂ ಸ್ಥಳೀಯ ಘಟಕಕ್ಕೆ ಬರಬಹುದು. ಇಂದಿಗೂ ಒಂದು ಡಿ.ಟಿ.ಎಚ್. ಸೇವೆಯಿಂದ ಇನ್ನೊಂದಕ್ಕೆ ಹೋಗುವ ಗ್ರಾಹಕನು ಸಾಮಾನ್ಯವಾಗಿ ಹಳೆಯ ಪೆಟ್ಟಿಗೆಯನ್ನು ಅಟ್ಟಕ್ಕೆ ಎಸೆಯುತ್ತಾನೆ.

ಇಂತಹ ವಿಷಯಗಳಲ್ಲಿ ಪ್ರಾಧಿಕಾರವು ಸಮಾಲೋಚನಾ ಪತ್ರ ಹೊರಡಿಸಿ ಸಾರ್ವಜನಿಕರಿಂದ ಅಭಿಪ್ರಾಯ ಕೋರುತ್ತದೆ. ಪ್ರಸಾರ ಕಂಪನಿಗಳೂ ಸೇವಾ ಕಂಪನಿಗಳೂ ತಮ್ಮ ವಾದವನ್ನು ತಪ್ಪದೆ ಸಲ್ಲಿಸುತ್ತವೆ. ಚಿಲ್ಲರೆ ವರ್ತಕರ ಹಾಗೂ ಬಿಡಿಭಾಗ ತಯಾರಕರ ಪರವಾಗಿ ವಾಣಿಜ್ಯ ಸಂಸ್ಥೆಗಳು ಸುಂಕದ ಬಗ್ಗೆ ಬರೆದಷ್ಟು ಉತ್ಸಾಹದಿಂದ ಈ ಹೊಂದಾಣಿಕೆಯ ಬಗ್ಗೆಯೂ ಬರೆಯಬೇಕಾಗಿದೆ. ಅದೂ ಗಡುವು ಮುಗಿಯುವ ಮೊದಲು. ಅಲ್ಲಿಯವರೆಗೆ, ಹೊಸ ಪೆಟ್ಟಿಗೆಯ ಸುದ್ದಿ ಹಬ್ಬಿದಾಗಲೆಲ್ಲ ಹಳೆಯ ದಾಸ್ತಾನನ್ನು ತಗ್ಗಿಸಿ, ಹೊಸದಕ್ಕೆ ಮುಂಗಡ ಬೇಡಿಕೆ ಮಾತ್ರ ಬರೆದುಕೊಳ್ಳುವುದು ಮಳಿಗೆಯವರಿಗೆ ಕ್ಷೇಮಕರ. ಮೊದಲ ಕಂತಿನ ದುಬಾರಿ ಮಾದರಿಯನ್ನು ಪ್ರದರ್ಶನಕ್ಕೆಂದು ಒಂದೇ ಒಂದು ತರಿಸಿದರೆ ಸಾಕು.