ಆಟ ಹೇಗಿತ್ತು? ಹತ್ತರಲ್ಲಿ ಎಂಟೂವರೆ!

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ 'ಆಟ' ಅಂದರೆ ಮೊದಲಿಗೆ ಯಕ್ಷಗಾನ. ರಾತ್ರಿ ಆಟ ನೋಡಿ ಬಂದವನನ್ನು ಮರುದಿನ ಹೋಟೆಲಿನಲ್ಲಿ ಕಂಡು 'ಆಟ ಹೇಗಿತ್ತು?' ಎಂದು ಕೇಳಿದರೆ ಉತ್ತರ ಅರ್ಧ ಗಂಟೆಗೆ ಕಡಿಮೆ ಇರುವುದಿಲ್ಲ. ಭಾಗವತರ ಸ್ವರ ಎಲ್ಲಿ ಬಿತ್ತು, ಯಾವ ವೇಷದ ಪ್ರವೇಶಕ್ಕೆ ಸಭೆ ಎದ್ದು ಕುಳಿತಿತು, ಹಾಸ್ಯಗಾರ ಎಲ್ಲಿ ಅತಿ ಮಾಡಿದ, ಎಲ್ಲವೂ ಬರುತ್ತದೆ. ತಾಳಮದ್ದಳೆಯ ವಿಷಯವಾದರೆ ಕೇಳುವುದೇ ಬೇಡ. ಶೇಣಿ ಗೋಪಾಲಕೃಷ್ಣ ಭಟ್ಟರ ವಾದದ ಹರಿತ ಹೆಚ್ಚೋ, ಸುಳ್ಯ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರ ಭಾವದ ಆಳ ಹೆಚ್ಚೋ ಎಂದು ಜಗಳಾಡಿದ ಒಂದು ತಲೆಮಾರೇ ಇಲ್ಲಿತ್ತು. ಆ ಜಗಳದ ನಡುವೆ ಯಾರಾದರೂ 'ಶೇಣಿಯವರಿಗೆ 9.4, ದೇರಾಜೆಯವರಿಗೆ 9.2' ಎಂದು ಹೇಳಿ ಎದ್ದು ಹೋದದ್ದನ್ನು ನಾನು ಕೇಳಿಲ್ಲ. ಹಾಗೆ ಹೇಳಿದವನಿಗೆ ಎರಡನೆಯ ಚಹಾ ಸಿಗುತ್ತಿರಲಿಲ್ಲ.

ಅದೇ ಊರುಗಳ ಈಗಿನ ಹುಡುಗ ಹುಡುಗಿಯರು ಆಡುವ ಆಟ ಬೇರೆ. ಕೆಲವರು ಮೊಬೈಲಿನಲ್ಲಿ ಬಿಜಿಎಂಐ ಆಡುತ್ತಾರೆ. ಕಾಲೇಜಿಗೆಂದು ಕೊಡಿಸಿದ ಲ್ಯಾಪ್‌ಟಾಪಿನಲ್ಲಿ 'ಎಲ್ಡನ್ ರಿಂಗ್', 'ಬಾಲ್ಡರ್ಸ್ ಗೇಟ್ 3' ಓಡಿಸಲು ಹೆಣಗುವವರೂ ಇದ್ದಾರೆ. ಅವರನ್ನು 'ಆಟ ಹೇಗಿದೆ?' ಎಂದು ಕೇಳಿ ನೋಡಿ. 'ಮೆಟಾಕ್ರಿಟಿಕ್‌ನಲ್ಲಿ 96 ಉಂಟು' ಎನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯಿತು. ನೂರು ಗಂಟೆ ಆಡಿದವರಿಗೂ ಅದರ ಬಗ್ಗೆ ಹೇಳಲು ಬೇರೆಯವರು ಕೊಟ್ಟ ಒಂದು ಸಂಖ್ಯೆ ಮಾತ್ರ ಇದೆ.

ನನ್ನ ತಕರಾರು ಇದು: ಗೇಮುಗಳಿಗೆ ಅಂಕ ಕೊಡುವ ಪದ್ಧತಿಯನ್ನು ವಿಮರ್ಶೆಯ ಸಂಕ್ಷಿಪ್ತ ರೂಪ ಎಂದು ನಾವು ನಂಬಿದ್ದೇವೆ. ಅದು ವಿಮರ್ಶೆಯಿಂದ ತಪ್ಪಿಸಿಕೊಳ್ಳುವ ದಾರಿ. ಗೇಮುಗಳ ಬಗ್ಗೆ ಕನ್ನಡದಲ್ಲಿ ಗಂಭೀರವಾದ ಬರವಣಿಗೆ ಇನ್ನಷ್ಟೇ ಬೆಳೆಯಬೇಕಾಗಿರುವ ಈ ಹೊತ್ತಿನಲ್ಲಿ, ಆ ಅಂಕಪಟ್ಟಿಯನ್ನು ನಾವು ಆಮದು ಮಾಡಿಕೊಳ್ಳಬಾರದು.

ಮೊದಲು ಆ ಸಂಖ್ಯೆ ಹುಟ್ಟುವ ಬಗೆ ನೋಡೋಣ. ಮೆಟಾಕ್ರಿಟಿಕ್ ಶುರುವಾದದ್ದು 2001ರಲ್ಲಿ. ಬೇರೆ ಬೇರೆ ಪತ್ರಿಕೆಗಳ, ಜಾಲತಾಣಗಳ ವಿಮರ್ಶಕರು ಕೊಟ್ಟ ಅಂಕಗಳನ್ನು ನೂರಕ್ಕೆ ಪರಿವರ್ತಿಸಿ ಅದು ಸರಾಸರಿ ತೆಗೆಯುತ್ತದೆ. ಎಲ್ಲರ ಅಂಕಕ್ಕೂ ಸಮಾನ ತೂಕ ಇಲ್ಲ. ಯಾರಿಗೆ ಎಷ್ಟು ತೂಕ ಎಂಬುದನ್ನು ಅವರು ಬಹಿರಂಗಪಡಿಸುವುದೂ ಇಲ್ಲ. ಬಣ್ಣದ ಲೆಕ್ಕ ಇನ್ನೂ ಸೊಗಸು. ಸಿನಿಮಾಕ್ಕೆ 61 ಬಂದರೆ ಹಸಿರು, ಗೇಮಿಗೆ ಹಸಿರು ಬೇಕಾದರೆ 75 ಬರಬೇಕು. ಅಂದರೆ ಅದೇ 70 ಅಂಕ ಸಿನಿಮಾದ ಪಕ್ಕದಲ್ಲಿದ್ದರೆ 'ಒಳ್ಳೆಯದು', ಗೇಮಿನ ಪಕ್ಕದಲ್ಲಿದ್ದರೆ 'ಪರವಾಗಿಲ್ಲ'. ಗೇಮು ವಿಮರ್ಶಕರು ಹತ್ತರ ಮಾಪಕದಲ್ಲಿ ಏಳರಿಂದ ಹತ್ತರವರೆಗಿನ ಜಾಗವನ್ನೇ ಹೆಚ್ಚಾಗಿ ಬಳಸುತ್ತಾರೆಂಬುದನ್ನು ಆ ಬಣ್ಣವೇ ಒಪ್ಪಿಕೊಂಡಂತಾಯಿತು.

ಈ ಸಂಖ್ಯೆ ನಮ್ಮನ್ನು ಇಷ್ಟು ಬೇಗ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಮೊದಲ ಸ್ಥಾನ ಪಡೆದ ಜಿಲ್ಲೆ ನಮ್ಮದು. ಮಗು ಏನು ಓದಿತು ಎಂದು ಕೇಳುವ ಮೊದಲು ಎಷ್ಟು ಬಂತು ಎಂದು ಕೇಳಿ ನಮಗೆ ಅಭ್ಯಾಸ. ಅಂಕಪಟ್ಟಿಯ ಒತ್ತಡದಿಂದ ತಪ್ಪಿಸಿಕೊಳ್ಳಲು ಗೇಮು ಆಡುವ ಹುಡುಗ ಅಲ್ಲಿಯೂ ಅಂಕಪಟ್ಟಿಯನ್ನೇ ಹುಡುಕುತ್ತಾನೆ ಎಂಬುದು ಮಾತ್ರ ಬೇಸರದ ಸಂಗತಿ.

ಅಂಕ ಬರೀ ಓದುಗರ ಅನುಕೂಲಕ್ಕೆ ಇರುವುದಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಅದರ ಹಿಂದೆ ಜನರ ಸಂಬಳವಿದೆ. 2010ರಲ್ಲಿ ಬಂದ 'ಫಾಲ್‌ಔಟ್: ನ್ಯೂ ವೇಗಸ್' ಗೇಮನ್ನು ಕಟ್ಟಿದ ಒಬ್ಸಿಡಿಯನ್ ಸಂಸ್ಥೆಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂಬ ಒಪ್ಪಂದವಿತ್ತು. ಬಂದದ್ದು 84. ಬೋನಸ್ ಸಿಗಲಿಲ್ಲ. ಆ ಗೇಮನ್ನು ಇವತ್ತಿಗೂ ಜನ ಆಡುತ್ತಾರೆ, ಅದರ ಬಗ್ಗೆ ವಾದಿಸುತ್ತಾರೆ. ಆದರೆ ಕಟ್ಟಿದವರ ಪಾಲಿಗೆ ಆ ಒಂದು ಅಂಕವೇ ಅಂತಿಮವಾಯಿತು. ಇನ್ನೊಂದು ಪ್ರಕರಣ 2007ರದ್ದು. ಗೇಮ್‌ಸ್ಪಾಟ್‌ನಲ್ಲಿ ಜೆಫ್ ಗರ್ಸ್ಟ್‌ಮನ್ ಎಂಬ ವಿಮರ್ಶಕರು 'ಕೇನ್ ಆ್ಯಂಡ್ ಲಿಂಚ್' ಗೇಮಿಗೆ ಕಡಿಮೆ ಅಂಕ ಕೊಟ್ಟರು. ಆಗ ಅದೇ ತಾಣದ ತುಂಬ ಆ ಗೇಮಿನ ಜಾಹೀರಾತು. ಸ್ವಲ್ಪ ದಿನದಲ್ಲೇ ಅವರು ಕೆಲಸ ಕಳೆದುಕೊಂಡರು. ಜಾಹೀರಾತುದಾರರ ಒತ್ತಡಕ್ಕೆ ಆಡಳಿತ ಬಗ್ಗಿದ್ದನ್ನು 2012ರಲ್ಲಿ ಅವರೇ ವಿವರಿಸಿದರು. ಸಾವಿರ ಪದಗಳ ತಕರಾರನ್ನು ಜಾಹೀರಾತುದಾರರು ಓದದೇ ಇರಬಹುದು, ಅಂಕವನ್ನಂತೂ ಓದುತ್ತಾರೆ.

ಇನ್ನು ಯಾರ ಆಟಕ್ಕೆ ಆ ಅಂಕ? 2020ರ ಡಿಸೆಂಬರ್ 10ರಂದು 'ಸೈಬರ್‌ಪಂಕ್ 2077' ಬಿಡುಗಡೆಯಾಯಿತು. ಅದಕ್ಕೆ ಮೊದಲು ವಿಮರ್ಶಕರಿಗೆ ಕೊಟ್ಟದ್ದು ಪಿಸಿ ಪ್ರತಿ ಮಾತ್ರ. ತಾವು ಆಡಿದ ದೃಶ್ಯಗಳನ್ನು ಅವರು ಮೊದಲ ವಿಮರ್ಶೆಯಲ್ಲಿ ತೋರಿಸುವಂತಿರಲಿಲ್ಲ, ಕಂಪನಿ ಕೊಟ್ಟ ದೃಶ್ಯಗಳನ್ನೇ ಬಳಸಬೇಕಿತ್ತು. ಅಂಕಗಳು ಹೊಳೆದವು. ಅದನ್ನು ನಂಬಿ ಹಳೆಯ ಪಿಎಸ್4ಕ್ಕೆ ಕೊಂಡವರ ಕೈಗೆ ಸಿಕ್ಕಿದ್ದು ಪದೇ ಪದೇ ನಿಂತುಹೋಗುವ ಗೇಮು. ಒಂದು ವಾರದಲ್ಲಿ ಸೋನಿ ತನ್ನ ಅಂಗಡಿಯಿಂದ ಅದನ್ನು ತೆಗೆದುಹಾಕಿ ಹಣ ಹಿಂದಿರುಗಿಸಿತು. ಇವತ್ತು ಮೆಟಾಕ್ರಿಟಿಕ್‌ನಲ್ಲಿ ಅದೇ ಗೇಮಿಗೆ ಪಿಸಿಯಲ್ಲಿ 86, ಪಿಎಸ್4ರಲ್ಲಿ 57. ಮೊದಲ ದಿನ ಹಣ ಕೊಟ್ಟವರಿಗೆ ಕಂಡದ್ದು ಮೊದಲನೆಯ ಸಂಖ್ಯೆ ಮಾತ್ರ.

ಪಿಎಸ್4 ಇದ್ದವರ ಪಾಡೇ ಇದಾದರೆ ನಮ್ಮ ಕಡೆಯವರದ್ದೇನು? 2021ರ ಜೂನ್‌ನಲ್ಲಿ ಸುಳ್ಯದ ಗುತ್ತಿಗಾರು ಬಳಿಯ ಬಳ್ಳಕದ ಚಿತ್ರವೊಂದು ದೇಶವೆಲ್ಲ ಸುತ್ತಿತು. ಮಳೆಯಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ತಂದೆ ಕೊಡೆ ಹಿಡಿದ ಚಿತ್ರ. ನೆಟ್‌ವರ್ಕ್ ಸಿಗುವ ಜಾಗ ಅದೊಂದೇ ಆಗಿತ್ತು. ಬಿಜಿಎಂಐ ಭಾರತದಲ್ಲಿ ಬಿಡುಗಡೆಯಾದದ್ದು ಮರುತಿಂಗಳು, ಜುಲೈ 2ರಂದು. ಅಂಥ ಜಾಗದಲ್ಲಿ ಕುಳಿತು ಆಡುವವನಿಗೆ ಒಂದು ಗೇಮು 'ಹೇಗಿದೆ' ಎಂದರೆ ಅದರ ಅರ್ಥವೇ ಬೇರೆ. ನೆಟ್‌ವರ್ಕ್ ಇಲ್ಲದೆ ನಡೆಯುತ್ತದೆಯೇ? ನಡುವೆ ಕರೆಂಟು ಹೋದರೆ ಆಡಿದ್ದೆಲ್ಲ ಉಳಿಯುತ್ತದೆಯೇ? ಅಗ್ಗದ ಫೋನಿಗೆ ಹೊರೆಯಾಗುತ್ತದೆಯೇ? ಕೊಂಡ ಮೇಲೆ ಇನ್ನೂ ಎಷ್ಟು ಗಿಗಾಬೈಟ್ ಇಳಿಸಬೇಕು? ಲಂಡನ್ನಿನಲ್ಲೋ ಸ್ಯಾನ್ ಫ್ರಾನ್ಸಿಸ್ಕೊದಲ್ಲೋ ಕೊಟ್ಟ ಒಂಬತ್ತು ಅಂಕದೊಳಗೆ ಈ ಪ್ರಶ್ನೆಗಳಿಗೆ ಉತ್ತರವಿಲ್ಲ.

ವಿಮರ್ಶಕರ ಅಂಕ ಬೇಡ, ಆಡುವವರ ಅಂಕ ನೋಡಿ ಎಂದು ಕೆಲವರು ಹೇಳುತ್ತಾರೆ. ಅದರ ಕತೆಯೂ ಗೊತ್ತಿರುವುದೇ. 2020ರ ಜೂನ್ 19ರಂದು 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಬಂತು. ಮುಗಿಸಲು ಇಪ್ಪತ್ತು ಗಂಟೆಗೂ ಹೆಚ್ಚು ಬೇಕಾದ ಗೇಮಿಗೆ ಕೆಲವೇ ಗಂಟೆಗಳಲ್ಲಿ ಸಾವಿರಾರು ಸೊನ್ನೆಗಳು ಬಿದ್ದವು. ಕೊನೆಗೆ ಮೆಟಾಕ್ರಿಟಿಕ್, ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಬಳಕೆದಾರರು ಅಂಕ ಕೊಡುವಂತಿಲ್ಲ ಎಂಬ ನಿಯಮ ತರಬೇಕಾಯಿತು. ನಮ್ಮ ದೇಶದ ಸಾಧನೆ ಇನ್ನೂ ದೊಡ್ಡದು. 2017ರಲ್ಲಿ ಸ್ನ್ಯಾಪ್‌ಚಾಟ್ ಮುಖ್ಯಸ್ಥರು ಭಾರತವನ್ನು ಬಡ ದೇಶ ಎಂದರೆಂಬ ಸುದ್ದಿಗೆ ಸಿಟ್ಟಾದ ನಮ್ಮವರಲ್ಲಿ ಅನೇಕರು, ಹೆಸರು ಒಂದೇ ಥರ ಇದೆಯೆಂದು ಸ್ನ್ಯಾಪ್‌ಡೀಲ್‌ಗೆ ಒಂದು ನಕ್ಷತ್ರ ಕೊಟ್ಟು ಬಂದರು. ವಾಕ್ಯ ಬರೆಯಬೇಕಾಗಿದ್ದರೆ ಎರಡನೆಯ ಸಾಲಿನಲ್ಲಾದರೂ ತಪ್ಪು ಗೊತ್ತಾಗುತ್ತಿತ್ತು. ನಕ್ಷತ್ರ ಒತ್ತಲು ಯಾವುದನ್ನು ಒತ್ತುತ್ತಿದ್ದೇನೆ ಎಂಬುದೂ ತಿಳಿದಿರಬೇಕಾಗಿಲ್ಲ.

ಇಷ್ಟಾದರೂ ಅಂಕದ ಪರವಾಗಿ ಒಂದು ಗಟ್ಟಿ ವಾದವಿದೆ. ಪಿಎಸ್5ರ ಹೊಸ ಗೇಮೊಂದಕ್ಕೆ ಸುಮಾರು 5,000 ರೂಪಾಯಿ. ವರ್ಷಕ್ಕೆ ಒಂದು ಕೊಳ್ಳಬಲ್ಲ ವಿದ್ಯಾರ್ಥಿಗೆ ಪ್ರಬಂಧ ಓದಿ ಏನಾಗಬೇಕು, ಕೊಳ್ಳಬೇಕೋ ಬೇಡವೋ ಗೊತ್ತಾದರೆ ಸಾಕು ಎಂಬ ವಾದ. ಇದಕ್ಕೆ ಉತ್ತರ ನಮ್ಮ ಅಡಿಕೆ ಅಂಗಡಿಯಲ್ಲಿದೆ. ಹಣದ ವಿಷಯದಲ್ಲಿ ಪುತ್ತೂರಿನ ಅಡಿಕೆ ವ್ಯಾಪಾರಿಗಿಂತ ಗಂಭೀರವಾಗಿರುವವರು ಯಾರೂ ಇಲ್ಲವಲ್ಲ. ಅವನೂ ಬೆಲೆ ಕಟ್ಟಲೇಬೇಕು, ಅದೂ ಬೇಗ. ಹಾಗೆಂದು ಅವನು ರಾಶಿಗೆ 'ನೂರಕ್ಕೆ 82' ಎಂದು ಬರೆಯುತ್ತಾನೆಯೇ? ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ವಿಂಗಡಿಸುತ್ತಾನೆ. ಅನುಮಾನ ಬಂದರೆ ಅಡಿಕೆಯನ್ನು ಹೋಳು ಮಾಡಿ ಒಳಗೆ ನೋಡುತ್ತಾನೆ. ಕೊರತೆ ಎಂಥದ್ದು ಎಂಬುದಕ್ಕೆ ಅವನ ಬಳಿ ಒಂದೊಂದು ಹೆಸರಿದೆ, ಬೆಲೆ ಆ ಹೆಸರಿಗೆ. ಎಲ್ಲವನ್ನೂ ಕಲಸಿ ಸರಾಸರಿ ಹೇಳುವವನನ್ನು ನಮ್ಮ ಊರಿನಲ್ಲಿ ಕಲಬೆರಕೆ ಮಾಡುವವನು ಎನ್ನುತ್ತಾರೆ. ಕತೆ ಚೆಂದ, ಯುದ್ಧ ಒರಟು, ಫೋನಿಗೆ ಭಾರ, ಹಣ ಕೀಳುವ ಪೆಟ್ಟಿಗೆಗಳು ತುಂಬಿವೆ ಎಂದು ನಾಲ್ಕು ವಾಕ್ಯ ಹೇಳಿದರೆ ಬಡ ವಿದ್ಯಾರ್ಥಿಯ ಹಣ ಉಳಿಯುತ್ತದೆ. 74 ಎಂದರೆ ಏನೂ ಉಳಿಯುವುದಿಲ್ಲ.

ಈವರೆಗೆ ಬೈದದ್ದು ದೂರದವರನ್ನು. ಈಗ ಹತ್ತಿರದವರ ಸರದಿ. ನಮ್ಮ ಸಾಹಿತ್ಯ ವಲಯವೂ ಗೇಮುಗಳಿಗೆ ಅಂಕ ಕೊಟ್ಟಿದೆ. ಆ ಅಂಕ ಸೊನ್ನೆ. ವೇದಿಕೆಯಲ್ಲಿ ಗೇಮಿನ ಹೆಸರು ಬಂದರೆ ಅದು 'ಯುವಜನತೆ ಹಾಳಾಗುತ್ತಿರುವುದು' ಎಂಬ ಸಾಲಿನಲ್ಲಿ ಮಾತ್ರ. ವ್ಯಸನ ಎಂಬುದು ಸುಳ್ಳಲ್ಲ. ಬೆಂಗಳೂರಿನ ನಿಮ್ಹಾನ್ಸ್ ತಂತ್ರಜ್ಞಾನದ ಅತಿಬಳಕೆಗೆಂದೇ 'ಶಟ್' ಕ್ಲಿನಿಕ್ ತೆರೆದದ್ದು 2014ರಲ್ಲಿ. ಗೇಮಿಂಗ್ ವ್ಯಸನವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆದರೆ ವೈದ್ಯರು ಅಳೆಯುವುದು ಆಡುವವನ ಸ್ಥಿತಿಯನ್ನು, ಗೇಮಿನ ಯೋಗ್ಯತೆಯನ್ನಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತಲ್ಲ, ಅದರಲ್ಲಿ ಕೂಡ ಇ-ಸ್ಪೋರ್ಟ್ಸ್, ಸಾಮಾಜಿಕ ಗೇಮು, ಹಣ ಕಟ್ಟಿ ಆಡುವ ಗೇಮು ಎಂದು ಮೂರು ಬಗೆ ಮಾಡಿ ಕೊನೆಯದನ್ನು ಮಾತ್ರ ನಿಷೇಧಿಸಿದ್ದಾರೆ. ದೆಹಲಿಯ ಕಾನೂನು ಮಾಡಿದಷ್ಟು ವಿವೇಚನೆಯನ್ನೂ ನಮ್ಮ ವಿಮರ್ಶಕರು ಮಾಡಲಿಲ್ಲ. ಆಡದೆ ಸೊನ್ನೆ ಕೊಡುವ ಹಿರಿಯರಿಗೂ ಆಡದೆ ಒಂದು ನಕ್ಷತ್ರ ಕೊಡುವ ಹುಡುಗರಿಗೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಇದರಿಂದ ನಾವು ಕಳೆದುಕೊಳ್ಳುತ್ತಿರುವುದು ಏನು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. 2020ರಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆ 'ರಾಜಿ: ಆ್ಯನ್ ಏನ್ಶಿಯಂಟ್ ಎಪಿಕ್' ಎಂಬ ಗೇಮು ಹೊರತಂದಿತು. ಮಹಾಬಲಾಸುರನ ಪಡೆ ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿ ಹೊರಟ ರಾಜಿ ಎಂಬ ಹುಡುಗಿ, ಅವಳಿಗೆ ಆಯುಧ ಕೊಡುವ ದುರ್ಗೆ, ನಡುನಡುವೆ ತೊಗಲುಬೊಂಬೆಯ ನೆರಳಿನಂತೆ ಮೂಡುವ ಕತೆ. ಪಶ್ಚಿಮದ ವಿಮರ್ಶಕರು ಚಿತ್ರಗಳನ್ನು ಹೊಗಳಿದರು, ಕಾದಾಟ ಹಗುರವಾಯಿತು, ಗೇಮು ಬೇಗ ಮುಗಿಯಿತು ಎಂದರು. ಅಂಕ 70ರ ಆಸುಪಾಸಿನಲ್ಲಿ ನಿಂತಿತು. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ದೇವಿಮಹಾತ್ಮೆ ನೋಡಿ ಬೆಳೆದ ಕಡಬದ ಹುಡುಗಿಯೊಬ್ಬಳು ಇದೇ ಗೇಮು ಆಡಿದರೆ ಕೇಳಬಹುದಾದ ಪ್ರಶ್ನೆಗಳನ್ನು ಅವರು ಕೇಳುವುದು ಸಾಧ್ಯವಿರಲಿಲ್ಲ. ನಮ್ಮ ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಪ್ರೇಕ್ಷಕರ ನಡುವಿನಿಂದ ರಂಗಕ್ಕೆ ಬರುತ್ತಾನೆ. ಕಾದಾಟಕ್ಕೆ ಮೊದಲೇ ಅವನ ಅಬ್ಬರ ನೋಡುವವರ ಮೈಗೆ ತಾಗುತ್ತದೆ. ಆಯುಧವೇ ಆಟಗಾರನ ಕೈಯಲ್ಲಿರುವ ಗೇಮಿನಲ್ಲಿ ಅಸುರನಿಗೆ ಅಷ್ಟು ಹೊತ್ತು, ಅಷ್ಟು ಘನತೆ ಕೊಟ್ಟಿದ್ದಾರೆಯೇ? ಕೊಡದೆ ಹೋದರೆ ದೇವಿಯ ಗೆಲುವಿಗೆ ತೂಕ ಬರುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ಬರೆದರೆ ಅದು ಜಗತ್ತಿನ ಗೇಮು ವಿಮರ್ಶೆಗೇ ಹೊಸದು, ಅದನ್ನು ಬರೆಯಲು ಬೇಕಾದ ಕಣ್ಣು ಇರುವುದೂ ಇಲ್ಲಿ.

ಅನಿಮೇಷನ್ ಮತ್ತು ಗೇಮಿಂಗ್‌ಗೆಂದು ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ಕರ್ನಾಟಕ, 2012ರಲ್ಲಿ. ಈಗ ನಡೆಯುತ್ತಿರುವುದು 2024ರಿಂದ 2029ರವರೆಗಿನ ನೀತಿ. ಗೇಮು ಕಟ್ಟುವವರಿಗೆ ಸರ್ಕಾರ ಏನಾದರೂ ಮಾಡೀತು. ವಿಮರ್ಶೆ ಹುಟ್ಟಿಸುವುದು ಅದರ ಕೆಲಸವಲ್ಲ, ಅದು ನಮ್ಮ ಕೆಲಸ. ನಾಟಕ, ಸಿನಿಮಾಗಳ ಬಗ್ಗೆ ಬರೆಯಲು ಹೇಳುವ ಕನ್ನಡ ಮೇಷ್ಟ್ರುಗಳು ಈ ವರ್ಷ ಒಂದು ಗೇಮಿನ ಬಗ್ಗೆ ಬರೆದುಕೊಂಡು ಬನ್ನಿ ಎಂದು ಹೇಳಲಿ. ಕಾಲೇಜಿನ ಭಿತ್ತಿಪತ್ರಿಕೆಯಲ್ಲಿ ಅದಕ್ಕೊಂದು ಮೂಲೆ ಸಿಗಲಿ. ಅರೆಭಾಷೆಯಲ್ಲಿ ಬರೆದರೂ ಆದೀತು, ತುಳುವಿನಲ್ಲಾದರೂ ಆದೀತು.

ಯೂರೋಗೇಮರ್ ಎಂಬ ಬ್ರಿಟಿಷ್ ತಾಣ 2015ರಲ್ಲಿ ಧೈರ್ಯ ಮಾಡಿ ಅಂಕ ಕೊಡುವುದನ್ನು ಬಿಟ್ಟಿತು. 2023ರಲ್ಲಿ ಮತ್ತೆ ನಕ್ಷತ್ರಗಳಿಗೆ ಮರಳಿತು. ಒಮ್ಮೆ ಹಿಡಿದ ಚಟ ಬಿಡುವುದು ಎಷ್ಟು ಕಷ್ಟ ನೋಡಿ. ನಾವಿನ್ನೂ ಹಿಡಿದಿಲ್ಲ ಎಂಬುದೇ ನಮ್ಮ ಅದೃಷ್ಟ. ಆದ್ದರಿಂದ ಬರೆಯಲು ಹೊರಟವರಲ್ಲಿ ನನ್ನದೊಂದು ಕೇಳಿಕೆ: ಯಾವ ಫೋನಿನಲ್ಲಿ ಆಡಿದಿರಿ, ಎಷ್ಟು ದುಡ್ಡು ಹೋಯಿತು, ಎಲ್ಲಿ ಬೇಸರ ಬಂತು, ಎಲ್ಲಿ ಕೈ ನಡುಗಿತು ಎಂದು ಬರೆಯಿರಿ. ಕೊನೆಗೆ ಹತ್ತರಲ್ಲಿ ಎಷ್ಟು ಎಂದು ಸಂಪಾದಕರು ಕೇಳಿದರೆ, ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಿ ಎಂದು ಹೇಳಿ ಕಳಿಸಿ.