ಹಾಲಲ್ಲೂ ಫೀಡ್‌ಬ್ಯಾಕ್ ಲೂಪ್ ಇದೆ
ನಾಲ್ಕನೇ ಸೆಮ್‌ನ ಬಯಾಲಜಿ ಅಂದ್ರೆ ನಮಗೆಲ್ಲ ಪರೀಕ್ಷೆಯ ಹಿಂದಿನ ರಾತ್ರಿಯ ಪಿಡಿಎಫ್. ಆಪ್-ಆಂಪ್ ಫೀಡ್‌ಬ್ಯಾಕಿಗಾದ್ರೆ ವಾರಗಟ್ಟಲೆ ತಲೆ ಕೆಡಿಸ್ಕೋತೀವಿ.

ಅದೇ ಫೀಡ್‌ಬ್ಯಾಕ್ ಹಾಲಲ್ಲೂ ಇದೆ. ಹಾಲನ್ನು ಹುಳಿ ಮಾಡುವ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್‌ನ ಕೆಲವು ತಳಿಗಳು ನೈಸಿನ್ ಎಂಬ 34 ಅಮೈನೊ ಆಮ್ಲಗಳ ಪೆಪ್ಟೈಡ್ ತಯಾರಿಸಿ, ಪಕ್ಕದ ಬ್ಯಾಕ್ಟೀರಿಯಾಗಳ ಪೊರೆಗೆ ತೂತು ಕೊರೆಯುತ್ತವೆ. ಮಜಾ ಇರೋದು ಮುಂದೆ. ಹೊರಬಂದ ನೈಸಿನ್ ನಿಸ್‌ಕೆ ಅನ್ನೋ ಸೆನ್ಸರಿಗೆ ತಗುಲುತ್ತೆ, ಅದು ನಿಸ್‌ಆರ್‌ಗೆ ಸಿಗ್ನಲ್ ಕೊಡುತ್ತೆ, ನೈಸಿನ್ ಜೀನ್ ಇನ್ನೂ ಜೋರಾಗಿ ಕೆಲಸ ಮಾಡುತ್ತೆ. ಅಪ್ಪಟ ಪಾಸಿಟಿವ್ ಫೀಡ್‌ಬ್ಯಾಕ್! ತನಗೇ ಏಟು ಬೀಳದಂತೆ ಕಾಯುವ ಪ್ರೋಟೀನಿನ ಜೀನೂ ಅದೇ ಗುಂಪಲ್ಲಿದೆ. (ಚೀಸ್ ಕೆಡದಂತೆ ಹಾಕುವ ಇ234 ಇದೇ ನೈಸಿನ್.)

ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸುವ ಬದಲು ಈ ಲೂಪನ್ನು ನಮ್ಮ ಕೈಲಿ ಸಿಮ್ಯುಲೇಟ್ ಮಾಡಿಸಲಿ. ಇಂಟರ್ನಲ್ಸ್ ಮಾರ್ಕ್ಸೂ ಅದಕ್ಕೇ ಕೊಡಲಿ.